ಮೊದಲು ಕುಂದು

ನನ್ನ ಮಗಳು ನಂದಿನಿಯ ನಿಶ್ಚಿತಾರ್ಥಕ್ಕೆ ಬಂದವರಿಗೆ ತಾಂಬೂಲದ ಜೊತೆ ಕೊಡಲೆಂದು ಸೇಲಂ ಪೇಟೆಯಿಂದ ಸ್ಟೀಲ್ ಫ್ಲಾಸ್ಕುಗಳನ್ನು ತಂದಿದ್ದೆವು. ತೆಂಗಿನಕಾಯಿ ಕೊಟ್ಟಿದ್ದರೆ ಸಾಕಾಗಿತ್ತು. ಆದರೆ ಈಗ ನಮ್ಮ ನೇಕಾರರ ಬೀದಿಯಲ್ಲಿ ಯಾರೂ ಬರೀ ತೆಂಗಿನಕಾಯಿ ಕೊಡುವುದಿಲ್ಲ. ಕೊಟ್ಟರೆ ಆ ತೆಂಗಿನಕಾಯಿಯ ಮಾತು ಮುಂದಿನ ಮನೆಯ ಮದುವೆ ಬರುವ ತನಕ ನಡೆಯುತ್ತದೆ. ಎಲ್ಲರಿಗೂ ಹಂಚಿದ ಮೇಲೆ ಒಂದು ಫ್ಲಾಸ್ಕು ಉಳಿಯಿತು. ಅದರ ಮೈಮೇಲೆ ಒಂದು ಹಸಿರು ಬಿದಿರಿನ ಚಿತ್ರ, ಪಕ್ಕದಲ್ಲಿ ದಪ್ಪವಾಗಿ ಒಂದು ಚೀನೀ ಅಕ್ಷರ.

ನನಗೊಂದು ಕೆಟ್ಟ ಚಾಳಿ. ಅಕ್ಷರ ಕಂಡರೆ ಓದಲೇಬೇಕು. ಬೆಂಕಿಪೊಟ್ಟಣ, ಬಸ್ಸಿನ ಬೆನ್ನು, ಬೋಂಡ ಕಟ್ಟಿಕೊಟ್ಟ ಕಾಗದ, ಯಾವುದನ್ನೂ ಬಿಟ್ಟವಳಲ್ಲ. ಓದಲು ಬಾರದ ಅಕ್ಷರ ಎದುರಿಗಿದ್ದರೆ ಕಾಲಿಗೆ ಮುಳ್ಳು ಚುಚ್ಚಿದಂತೆ ಆಗುತ್ತದೆ. ಅದೂ ಅಲ್ಲದೆ ಒಂದು ಅನುಮಾನ ಬಂತು. ಅದೇನಾದರೂ ಬೈಗುಳವಾಗಿದ್ದರೆ? ಬೀಗರೂ ಸೇರಿದಂತೆ ಊರಿಗೆಲ್ಲ ಹಂಚಿಬಿಟ್ಟಿದ್ದೇನೆ. ನಂದಿನಿಯನ್ನು ಕರೆದು ಫೋನಿನಲ್ಲಿ ನೋಡು ಅಂದೆ. ಅವಳು ಫ್ಲಾಸ್ಕಿನ ಎದುರಿಗೆ ಫೋನು ಹಿಡಿದು ಸ್ವಲ್ಪ ಹೊತ್ತು ಓದಿಕೊಂಡಳು. ಆಮೇಲೆ, ಇದು ಬಿದಿರಿನ ಗಿಣ್ಣಿಗೆ ಅವರು ಇಟ್ಟ ಹೆಸರು, ಹಳೆಯ ಗ್ರಂಥಗಳ ಚೀನೀ ಭಾಷೆಯಲ್ಲಿ ಮನುಷ್ಯನ ನೆಟ್ಟಗಿನ ನಡತೆಗೂ ಇದೇ ಮಾತಂತೆ, ಎಂದು ಅರ್ಧ ತಮಿಳಿನಲ್ಲಿ ಅರ್ಧ ಕನ್ನಡದಲ್ಲಿ ಹೇಳಿದಳು. ಎಷ್ಟು ಗಾಳಿ ಬೀಸಿದರೂ ತನ್ನ ಗಿಣ್ಣನ್ನು ಬಿಟ್ಟುಕೊಡದ ಬಿದಿರು ಇದ್ದಹಾಗೆ, ಕಷ್ಟ ಬಂದರೂ ಲಾಭ ಕಂಡರೂ ತನ್ನ ನಡತೆಯನ್ನು ಬಿಡದವನಿಗೆ ಆ ಅಕ್ಷರ ಸಲ್ಲುತ್ತದಂತೆ. ಇಷ್ಟು ಹೇಳಿ ನನ್ನ ಮುಖವನ್ನು ಒಂದು ಸಲ ನೋಡಿ ಸ್ನಾನಕ್ಕೆ ಹೋದಳು.

ಬೈಗುಳವಾಗಿದ್ದರೇ ಎಷ್ಟೋ ವಾಸಿಯಾಗಿತ್ತು. ಯಾರು ಕೊಟ್ಟ ತಾಂಬೂಲ, ಅದರ ಮೇಲೆ ಯಾವ ಮಾತು! ಆವತ್ತಿನಿಂದ ಆ ಫ್ಲಾಸ್ಕನ್ನು ಅಡುಗೆಮನೆಯ ಕಟ್ಟೆಯ ಮೇಲೆ, ಅಕ್ಷರ ಗೋಡೆಯ ಕಡೆಗೆ ಬರುವ ಹಾಗೆ ತಿರುಗಿಸಿ ಇಟ್ಟಿದ್ದೇನೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ನನ್ನದೂ ಅದೇ ಕಥೆ. ಏಕೆ ಅಂತ ಹೇಳುತ್ತೇನೆ, ಆದರೆ ನೇರವಾಗಿ ಹೇಳಲು ನಾಚಿಕೆ. ಸ್ವಲ್ಪ ಸುತ್ತಿ ಬಳಸಿ ಬರುತ್ತೇನೆ, ಸಹಿಸಿಕೊಳ್ಳಿ.

ಆ ಚೀನೀ ಮಾತಿಗೆ ಸರಿಯಾದ ಮಾತು ನಮ್ಮ ಮನೆಯಲ್ಲಿ ಇರಲಿಲ್ಲ. ಸತ್ಯ, ಶೀಲ, ಚಾರಿತ್ರ್ಯ ಎಂಬುವೆಲ್ಲ ಪುಸ್ತಕದ ಮಾತುಗಳು. ನಮ್ಮ ಅಪ್ಪನಿಗೆ ಪುಸ್ತಕವೇ ಗೊತ್ತಿಲ್ಲ. ಕನ್ನಡ ಮಾತಾಡುತ್ತಾನೆ, ತಮಿಳಿನಲ್ಲಿ ರುಜು ಹಾಕುತ್ತಾನೆ, ಅಲ್ಲಿಗೆ ಮುಗಿಯಿತು. ನನಗೆ ಕನ್ನಡ ಅಕ್ಷರ ಬಂದದ್ದು ಅಮ್ಮನಿಂದ. ಅವಳು ಕೊಳ್ಳೇಗಾಲದ ಕಡೆಯ ಹೆಣ್ಣು. ಮಗ್ಗಕ್ಕೆ ನೂಲು ಸುತ್ತುತ್ತಾ ಕೂತಲ್ಲೇ ನೆಲದ ಮೇಲೆ ಸೀಮೆಸುಣ್ಣದಲ್ಲಿ ಬರೆದು ತೋರಿಸುತ್ತಿದ್ದಳು. ಬೀದಿಯ ಮಕ್ಕಳೆಲ್ಲ ತಮಿಳು ಪಾಠ ಬಾಯಿಪಾಠ ಮಾಡುವಾಗ ನಾನೊಬ್ಬಳು ಜಿಲೇಬಿ ಬರೆಯುತ್ತಿದ್ದೇನೆ ಎಂದು ನಗುತ್ತಿದ್ದರು. ಅಮ್ಮ ಈಗ ಇಲ್ಲ. ಗಂಡುಮಕ್ಕಳಿಲ್ಲದ ಅಪ್ಪ ನಮ್ಮ ಜೊತೆಯಲ್ಲೇ ಇದ್ದಾನೆ.

ಅಪ್ಪನಲ್ಲಿ ಮಾತಿರಲಿಲ್ಲ, ಒಂದು ಅಭ್ಯಾಸ ಇತ್ತು. ನೇಯ್ದ ಸೀರೆಯನ್ನು ಮುದಲಾಳಿಯ, ಅಂದರೆ ಸಾಹುಕಾರನ, ಅಂಗಡಿಗೆ ಒಯ್ದಾಗ ಬೇರೆ ನೇಕಾರರು ಮೊದಲು ಸೆರಗು ಬಿಡಿಸಿ ತೋರಿಸುತ್ತಿದ್ದರು. ಸೆರಗಿನಲ್ಲಿ ಜರಿ ಇರುತ್ತದೆ, ಹೂವು ಇರುತ್ತದೆ, ನೋಡಿದವರ ಕಣ್ಣು ಅಲ್ಲೇ ನಿಲ್ಲುತ್ತದೆ. ಅಪ್ಪ ಮಾತ್ರ ಮಡಿಕೆಗಳನ್ನು ಸರಿಸಿ ಸರಿಸಿ, ಎಲ್ಲಿ ಎಳೆ ಕಡಿದು ಗಂಟು ಬಿದ್ದಿದೆಯೋ, ಎಲ್ಲಿ ನೇಯ್ಗೆ ಸ್ವಲ್ಪ ಸಡಿಲವಾಗಿದೆಯೋ ಆ ಜಾಗವನ್ನೇ ಮೊದಲು ಹುಡುಕಿ ಬೆರಳಿಟ್ಟು ತೋರಿಸುತ್ತಿದ್ದ. ಮರೆತುಹೋಗಬಾರದೆಂದು ನೇಯುವಾಗಲೇ ಆ ಜಾಗದ ಅಂಚಿಗೆ ಕೆಂಪು ನೂಲಿನ ತುಂಡೊಂದನ್ನು ಕಟ್ಟಿಟ್ಟಿರುತ್ತಿದ್ದ. ಇದು ಅವನೊಬ್ಬನ ಹುಚ್ಚಲ್ಲ. ನಮ್ಮ ಬೀದಿಯ ಹಿಂದಿನವರೆಲ್ಲ ಹೀಗೇ ಮಾಡುತ್ತಿದ್ದರಂತೆ. ಕುಂದು ತೋರಿಸದೆ ಕೊಟ್ಟ ಸೀರೆ ಉಟ್ಟವಳ ಮೈಗೆ ಒಗ್ಗುವುದಿಲ್ಲ, ಹಾಗೆ ಕೊಟ್ಟವನ ಮಗ್ಗದಲ್ಲಿ ಲಾಳಿ ನೆಟ್ಟಗೆ ಓಡುವುದಿಲ್ಲ ಎಂಬ ನಂಬಿಕೆ. ಒಬ್ಬೊಬ್ಬರಾಗಿ ಎಲ್ಲರೂ ಅದನ್ನು ಬಿಟ್ಟರು, ಅವರ ಲಾಳಿಗಳೆಲ್ಲ ಚೆನ್ನಾಗಿಯೇ ಓಡಿದವು. ಅಪ್ಪ ಬಿಡಲಿಲ್ಲ.

ಚಿಕ್ಕಂದಿನಲ್ಲಿ ಅವನ ಜೊತೆ ಅಂಗಡಿಗೆ ಹೋಗುವುದೆಂದರೆ ನನಗೆ ಒಂದು ಕಣ್ಣಿನಲ್ಲಿ ಸಂತೋಷ, ಒಂದು ಕಣ್ಣಿನಲ್ಲಿ ಅಳು. ಸಂತೋಷ ಏಕೆಂದರೆ ವಾಪಸು ಬರುವಾಗ ತಟ್ಟುವಡೆ ಸೆಟ್ ಕೊಡಿಸುತ್ತಿದ್ದ. ಎರಡು ಗರಿಗರಿ ತಟ್ಟುವಡೆಯ ನಡುವೆ ಬೀಟ್‌ರೂಟು, ಕ್ಯಾರೆಟ್ಟು, ಖಾರದ ಚಟ್ನಿ. ಸೇಲಂನಲ್ಲಿ ಹುಟ್ಟಿದವರಿಗೆ ಅದು ಏನೆಂದು ನಾನು ಬಿಡಿಸಿ ಹೇಳಬೇಕಾಗಿಲ್ಲ. ಅಳು ಏಕೆಂದರೆ ಅಪ್ಪ ಬೆರಳಿಟ್ಟು ತೋರಿಸುವಾಗ ಅಂಗಡಿಯಲ್ಲಿ ಕೂತವರೆಲ್ಲ ಒಬ್ಬರ ಮುಖ ಒಬ್ಬರು ನೋಡಿ ನಗುತ್ತಿದ್ದರು. ಮುದಲಾಳಿ, ಇನ್ನೇನಾದರೂ ಇದೆಯಾ, ಅದನ್ನೂ ತೋರಿಸು ಎನ್ನುತ್ತಿದ್ದ. ಅಪ್ಪ ಆ ಚೇಷ್ಟೆ ತಿಳಿಯದೆ ಇನ್ನೂ ಒಂದು ಹುಡುಕುತ್ತಿದ್ದ. ನಾನು ಅಂಗಡಿಯ ಕಂಬದ ಹಿಂದೆ ನಿಂತು, ಈ ಮನುಷ್ಯ ಯಾರೋ ನನಗೆ ಗೊತ್ತಿಲ್ಲ ಎನ್ನುವ ಹಾಗೆ ಫ್ಯಾನು ನೋಡುತ್ತಿದ್ದೆ.

ಹಸು ಮಾರುವಾಗಲೂ ಇದೇ ರಾಮಾಯಣ. ನಮ್ಮ ಮನೆಯಲ್ಲಿ ಒಂದು ಕೆಂಪು ಹಸು ಇತ್ತು. ಗಂಡಸರು ಕರೆದರೆ ಹಾಲು ಕೊಡುತ್ತಿತ್ತು, ಹೆಂಗಸರು ಕರೆದರೆ ಒದೆ ಕೊಡುತ್ತಿತ್ತು. ಒದೆ ತಿಂದು ತಿಂದು ಸಾಕಾಗಿ ಅಮ್ಮ ಅದನ್ನು ಮಾರಿಸಲು ಹೊರಟಳು. ಪಾಲಮಲೆಯ ಮೇಲಿನಿಂದ ಒಬ್ಬ ಗೌಡ ಇಳಿದು ಬಂದು, ಹಸು ನೋಡಿ ಮೆಚ್ಚಿ, ಹಗ್ಗವನ್ನೂ ಕೈಗೆ ತೆಗೆದುಕೊಂಡ. ಆಗ ಅಪ್ಪ ಕಡ್ಡಿ ಮುರಿದ ಹಾಗೆ, ಮನೆಯಲ್ಲಿ ಹಾಲು ಕರೆಯುವವರು ಯಾರು ಎಂದು ಕೇಳಿದ. ಹೆಂಡತಿ ಎಂದ ಗೌಡ. ಹಾಗಿದ್ದರೆ ಬೇಡ ಎಂದ ಅಪ್ಪ. ಗೌಡ ಹಗ್ಗವನ್ನು ಮತ್ತೆ ಗೂಟಕ್ಕೆ ಕಟ್ಟಿ, ಕಾಫಿ ಕುಡಿದು, ಬೆಟ್ಟ ಹತ್ತಿದ. ಆ ಹಸು ಮುದಿಯಾಗುವ ತನಕ ನಮ್ಮ ಮನೆಯಲ್ಲೇ ಇತ್ತು. ಒದೆ ಬಿದ್ದಾಗಲೆಲ್ಲ ಅಮ್ಮ ಬೈಯುತ್ತಿದ್ದದ್ದು ಹಸುವನ್ನಲ್ಲ.

ಸೀರೆ ಆಯಿತು, ಹಸು ಆಯಿತು. ಮೂರನೆಯದು ನಾನು.

ನನ್ನನ್ನು ನೋಡಲು ಮೊದಲ ಗಂಡಿನವರು ಬಂದ ದಿನ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಕೇಸರಿಬಾತು, ಬಜ್ಜಿ, ಅಮ್ಮನ ಮದುವೆಯ ಸೀರೆ, ತಲೆತುಂಬ ಕನಕಾಂಬರ. ಗಂಡಿನ ತಾಯಿ ನನ್ನ ಕೈ ಹಿಡಿದು ಪಕ್ಕ ಕೂರಿಸಿಕೊಂಡಿದ್ದಳು. ಇನ್ನೇನು ಒಪ್ಪಿಗೆಯ ತಾಂಬೂಲದ ತಟ್ಟೆ ಬದಲಾಯಿಸುತ್ತಾರೆ ಎನ್ನುವಾಗ ಅಪ್ಪ ಗಂಟಲು ಸರಿಮಾಡಿಕೊಂಡ. ಹುಡುಗಿಗೆ ಸಿಟ್ಟು ಜಾಸ್ತಿ, ಅಡುಗೆ ಸುಮಾರು, ಬೆಳಿಗ್ಗೆ ಎದ್ದೇಳುವುದು ತಡ, ಯಾರಾದರೂ ಒಂದು ಮಾತೆಂದರೆ ಊಟ ಬಿಟ್ಟು ಕೂರುತ್ತಾಳೆ ಎಂದು, ಸೀರೆಯ ಮಡಿಕೆ ಬಿಡಿಸಿದ ಹಾಗೆ, ಒಂದೊಂದೇ ತೋರಿಸಿದ. ಒಂದೂ ಸುಳ್ಳಲ್ಲ. ಅದೇ ಕಷ್ಟ. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಅವರು ಊರಿಗೆ ಹೋಗಿ ಹೇಳಿ ಕಳಿಸುತ್ತೇವೆ ಅಂದರು, ಹೇಳಿ ಕಳಿಸಲಿಲ್ಲ. ಮುಂದಿನವರೂ ಹಾಗೇ ಎದ್ದು ಹೋದರು. ಆಮೇಲೆ ಬಂದವರು ನಮ್ಮ ಯಜಮಾನರ ಮನೆಯವರು. ಅಪ್ಪ ಶುರುಮಾಡಿದ ಕೂಡಲೇ ಯಜಮಾನರಿಗೆ ನಗು ತಡೆಯಲಾಗಲಿಲ್ಲ, ಬಾಯಲ್ಲಿದ್ದ ಬಜ್ಜಿ ನೆತ್ತಿಗೇರಿತು. ನೀರು ಕೊಟ್ಟವಳು ನಾನೇ. ಹಾಗೆ ನನ್ನ ಮದುವೆಯಾಯಿತು. ಆದರೆ ಎದ್ದುಹೋದವರ ಬೆನ್ನನ್ನು ನಾನು ಮರೆತಿಲ್ಲ. ನನಗೆ ಹೆಣ್ಣು ಹುಟ್ಟಿದರೆ ಈ ಅವಮಾನ ಅವಳಿಗೆ ಬೇಡ ಎಂದು ಆಗಲೇ ಎಣಿಸಿಕೊಂಡಿದ್ದೆ.

ಹೆಣ್ಣೇ ಹುಟ್ಟಿತು. ನಂದಿನಿಗೆ ಮಾತು ಬರುವ ವಯಸ್ಸಿನಲ್ಲಿ ಮಂಗನಬಾವು ಬಂತು. ಜ್ವರ ಇಳಿಯಿತು, ಬಾವು ಇಳಿಯಿತು, ಎಡಗಿವಿಯ ಕೇಳುವಿಕೆಯೂ ಅದರ ಜೊತೆಯಲ್ಲೇ ಹೋಯಿತು. ಬಲಗಿವಿ ಮಾತ್ರ ನಮ್ಮೆಲ್ಲರಿಗಿಂತ ಚುರುಕು. ಹೊರಗಿನವರಿಗೆ ಗೊತ್ತೇ ಆಗುವುದಿಲ್ಲ. ರಸ್ತೆಯಲ್ಲಿ ನಡೆಯುವಾಗ ಅವಳು ತಾನಾಗಿ ಎಡಗಡೆಗೆ ಸರಿಯುತ್ತಾಳೆ, ನಾವು ಅವಳ ಬಲಕ್ಕೆ ಬರಲಿ ಎಂದು. ಓಮಲೂರಿನ ಹತ್ತಿರ ಒಂದು ಶಾಲೆಯಲ್ಲಿ ಚಿಕ್ಕ ಮಕ್ಕಳಿಗೆ ಪಾಠ ಹೇಳುತ್ತಾಳೆ. ಅವಳ ಎಡಗಡೆಯ ಬೆಂಚಿನ ಮಕ್ಕಳು ಏನು ಗಲಾಟೆ ಮಾಡಿದರೂ ಟೀಚರಿಗೆ ಕೇಳುವುದಿಲ್ಲ ಎಂದು ಅವರಿಗೆ ಮೊದಲ ವಾರವೇ ತಿಳಿದುಹೋಗುತ್ತದಂತೆ. ಅದಕ್ಕೇ ಅವಳೇ ಮೊದಲ ದಿನ, ನನಗೆ ಈ ಕಿವಿ ಕೇಳುವುದಿಲ್ಲ, ಈ ಕಡೆ ಕೂತವರು ಕೈ ಎತ್ತಿ ಮಾತಾಡಬೇಕು ಎಂದು ಹೇಳಿಬಿಡುತ್ತಾಳಂತೆ. ಇದನ್ನು ಕೇಳಿದಾಗ ನನಗೆ ಅಪ್ಪ ನೆನಪಾಗಿ ಸ್ವಲ್ಪ ಭಯವೇ ಆಯಿತು.

ಪಾಪಿರೆಡ್ಡಿಪಟ್ಟಿಯಿಂದ ಸಂಬಂಧ ಬಂತು. ನಮ್ಮ ಜನ, ನಮ್ಮ ಮಾತು. ಹುಡುಗ ಧರ್ಮಪುರಿಯಲ್ಲಿ ಬ್ಯಾಂಕಿನ ಕೆಲಸದಲ್ಲಿದ್ದಾನೆ, ಒಳ್ಳೆಯ ಮುಖ. ತಂದೆ ಇಲ್ಲ, ತಾಯಿಯೇ ಜಮೀನು ನೋಡಿಕೊಂಡು ಮಗನನ್ನು ಓದಿಸಿದವಳು. ಫೋಟೋ ನೋಡಿದ ನಂದಿನಿ ಅದನ್ನು ವಾಪಸು ಕೊಡಲಿಲ್ಲ. ಆ ಸಂಬಂಧ ಕೈತಪ್ಪಬಾರದು ಎಂದು ನಾನು ಆಗಲೇ ತೀರ್ಮಾನಿಸಿಬಿಟ್ಟೆ. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಎಂದು ದೊಡ್ಡವರೇ ಹೇಳಿಲ್ಲವೇ? ನಾನು ಸುಳ್ಳು ಕೂಡ ಹೇಳುವುದಿಲ್ಲ, ಸುಮ್ಮನಿರುತ್ತೇನೆ ಅಷ್ಟೆ ಎಂದು ನನಗೆ ನಾನೇ ಲಾಯರಾದೆ. ಮದುವೆಯಾದ ಮೇಲೆ ಹೇಗೂ ತಿಳಿಯುತ್ತದೆ, ಆಗ ಅವಳ ಗುಣ ಕಂಡಿರುತ್ತಾರೆ, ಕಿವಿಯ ವಿಚಾರ ದೊಡ್ಡದಾಗುವುದಿಲ್ಲ. ಯಜಮಾನರಿಗೆ ಹೇಳಿದರೆ ಅವರು ಪೇಪರಿನಿಂದ ತಲೆ ಎತ್ತದೆ, ನಿನಗೆ ತೋಚಿದ್ದು ಮಾಡು ಎಂದರು. ನಂದಿನಿಯ ಹತ್ತಿರ, ನೀನು ಏನೂ ಬಾಯಿ ಬಿಡಬೇಡ ಎಂದೆ. ಅವಳು ಸರಿಮ್ಮಾ ಎಂದಳು. ಇಷ್ಟು ಸುಲಭವಾಗಿ ಅವಳು ನನ್ನ ಮಾತು ಕೇಳಿದ್ದು ಅದೇ ಮೊದಲು. ನಾನು ಅದನ್ನೂ ದೇವರ ದಯೆ ಎಂದುಕೊಂಡೆ.

ಉಳಿದವನು ಅಪ್ಪ. ಅವನು ಮನೆಯಲ್ಲಿದ್ದರೆ ಕಾಫಿ ಬರುವುದಕ್ಕೆ ಮುಂಚೆ ಕಿವಿ ಬರುತ್ತದೆ. ಕಡಯಂಪಟ್ಟಿಯಲ್ಲಿ ನಮ್ಮ ಚಿಕ್ಕಮ್ಮ ಇದ್ದಾಳೆ, ಮೊಣಕಾಲು ನೋವಿನವಳು. ಚಿಕ್ಕಮ್ಮ ನಿನ್ನನ್ನು ನೋಡಬೇಕು ಅನ್ನುತ್ತಿದ್ದಾಳೆ, ಎರಡು ದಿನ ಇದ್ದು ಬಾ ಎಂದು ಅಪ್ಪನಿಗೆ ಹೇಳಿದೆ. ಆ ಚಿಕ್ಕಮ್ಮ ಹಾಗೇನೂ ಹೇಳಿರಲಿಲ್ಲ. ಗಂಡಿನವರು ಬರುವ ದಿನ ಅವನಿಗೆ ಗೊತ್ತಿತ್ತು. ನಾನಿಲ್ಲದೆ ಆದೀತಾ ಎಂದು ಕೇಳಿದ. ಬರೀ ನೋಡಿಕೊಂಡು ಹೋಗುವುದು, ನಿಶ್ಚಿತಾರ್ಥಕ್ಕೆ ನೀನೇ ದೊಡ್ಡವನು ಎಂದೆ. ಅವನು ಒಗೆದ ಪಂಚೆಯನ್ನು ಮಡಿಸಿ ಚೀಲಕ್ಕೆ ಹಾಕಿಕೊಂಡು ಬಸ್ಸು ಹತ್ತಿದ. ಹತ್ತುವಾಗ ತಿರುಗಿ, ಯಾವಾಗಲೂ ಮುದ್ದಿಗೆ ಕರೆಯುವ ಹಾಗೆ ನನ್ನನ್ನು ಕಣ್ಣು ಎಂದು ಕರೆದು, ಒಂದೇ ಮಾತು ಹೇಳಿದ.

"ಕಿವಿ ವಿಚಾರ ಮೊದ್ಲೇ ಏಳ್ಬುಡು ಕಣ್ಣು. ಕಾಫಿಗೆ ಮುಂಚೆ."

ಹೂಂ ಅಂದೆ. ಬಸ್ಸು ಹೋಯಿತು.

ಆವತ್ತು ನಾನು ಮಾಡಿದ ಏರ್ಪಾಟನ್ನು ನೀವು ನೋಡಬೇಕಾಗಿತ್ತು. ನಂದಿನಿ ಕೂರುವ ಕುರ್ಚಿಯ ಎಡಗಡೆಗೆ ಗೋಡೆ ಬರುವ ಹಾಗೆ ಇಟ್ಟೆ. ಉಳಿದ ಕುರ್ಚಿಗಳೆಲ್ಲ ಅವಳ ಬಲಕ್ಕೆ. ಟಿವಿ ಬಂದ್. ಸದ್ದು ಮಾಡುವ ಫ್ಯಾನು ಬಂದ್, ಬೇಸಿಗೆಯಾದರೂ ಚಿಂತೆಯಿಲ್ಲ. ಪಕ್ಕದ ಮನೆಯವರಿಗೆ ಸ್ವಲ್ಪ ಹೊತ್ತು ಪವರ್‌ಲೂಮ್ ನಿಲ್ಲಿಸಿ ಎಂದು ಬೇಡಿಕೊಂಡಿದ್ದೆ. ಗಂಡಿನ ತಾಯಿ ಒಳಗೆ ಬಂದವಳು ಯಾವ ಕುರ್ಚಿಯಲ್ಲೂ ಕೂರದೆ, ತಾನೇ ಒಂದನ್ನು ಎಳೆದುಕೊಂಡು ನಂದಿನಿಯ ಬಲಗಡೆಗೆ, ಹತ್ತಿರಕ್ಕೆ ಹಾಕಿಕೊಂಡು ಕೂತಳು. ನನಗೆ ಹೋದ ಜೀವ ಬಂತು. ಎಲ್ಲ ಸುಸೂತ್ರವಾಗಿ ನಡೆಯುತ್ತಿರುವಾಗ ಹುಡುಗನ ಸೋದರಮಾವ ಕೈ ತೊಳೆಯಲು ಹಿತ್ತಲಿಗೆ ಹೋಗಿದ್ದವನು ಆ ಗೋಡೆಯ ಪಕ್ಕದ ಬಾಗಿಲಿನಿಂದ, ಅಂದರೆ ಅವಳ ಎಡಗಡೆಯಿಂದ, ಮೆಲ್ಲಗೆ ಏನೋ ಕೇಳಿದ. ನಂದಿನಿ ತಿರುಗಲಿಲ್ಲ. ನಾನು ಅವಸರವಾಗಿ ನಡುವೆ ಬಂದು, ಅವಳಿಗೆ ನಾಚಿಕೆ ಸ್ವಭಾವ ಎಂದೆ. ಗಂಡಿನ ತಾಯಿ ನನ್ನನ್ನು ನೋಡಿ ನಕ್ಕಳು. ಎಷ್ಟು ಒಳ್ಳೆಯ ನಗು ಎಂದುಕೊಂಡೆ. ಹೋಗುವಾಗ ಬಾಗಿಲಲ್ಲಿ ನಿಂತು, ಇನ್ನೇನಾದರೂ ಮಾತಾಡುವುದಿದೆಯಾ ಅಕ್ಕಾ ಎಂದು ಕೇಳಿದಳು. ಏನೂ ಇಲ್ಲ, ಎಲ್ಲ ಆಯಿತಲ್ಲ ಎಂದೆ.

ಮಾರನೆಯ ದಿನವೇ ಒಪ್ಪಿಗೆ ಎಂದು ಫೋನು ಬಂತು. ಸಂಜೆಗೆ ಅಪ್ಪನೂ ಬಂದ. ಚೀಲ ಕೆಳಗಿಡುವುದಕ್ಕೆ ಮುಂಚೆಯೇ ಕೇಳಿದ.

"ಕಿವಿ ವಿಚಾರ ಏಳ್ದ್ಯಾ?"

ಇಲ್ಲಿಯ ತನಕ ಕಿವಿಯ ವಿಚಾರದಲ್ಲಿ ನಾನು ನೇರವಾಗಿ ಸುಳ್ಳು ಹೇಳಿರಲಿಲ್ಲ, ಸುಮ್ಮನಿದ್ದೆ ಅಷ್ಟೆ. ಈಗ ಸುಮ್ಮನಿರುವ ದಾರಿ ಇರಲಿಲ್ಲ. ಹೇಳಲಿಲ್ಲ ಎಂದರೆ ಅವನು ಅದೇ ಚೀಲ ಹಿಡಿದು ಪಾಪಿರೆಡ್ಡಿಪಟ್ಟಿಯ ಬಸ್ಸು ಹತ್ತುತ್ತಾನೆ.

"ಏಳ್ದೆ ಅಪ್ಪಾ."

ಅವನು ಇನ್ನೊಂದು ಮಾತು ಕೇಳಲಿಲ್ಲ. ಹೇಗೆ ಹೇಳಿದೆ, ಅವರು ಏನಂದರು, ಮುಖ ಹೇಗಿತ್ತು, ಯಾವುದೂ ಬೇಡ. ಮಗಳು ಹೇಳಿದೆ ಎಂದಮೇಲೆ ಹೇಳಿದ್ದಾಳೆ. ಅನುಮಾನಪಟ್ಟು ನಾಲ್ಕು ಪ್ರಶ್ನೆ ಕೇಳಿದ್ದರೆ ನಾನೂ ನಾಲ್ಕು ಸುಳ್ಳು ಹೇಳಿ ಗಟ್ಟಿಯಾಗುತ್ತಿದ್ದೆನೋ ಏನೋ. ಅವನು ನಂಬಿಬಿಟ್ಟ. ನಂಬಿ ಸುಮ್ಮನಿದ್ದರೆ ಅದೂ ಒಂದು ರೀತಿ. ಮನೆಯ ಮುಂದಿನ ತಿಣ್ಣೆಯ ಮೇಲೆ ಕೂತು ದಾರಿಯಲ್ಲಿ ಹೋಗುವ ಬರುವವರನ್ನೆಲ್ಲ ಕೂಗಿ ಹೇಳಲು ಶುರುಮಾಡಿದ. ನಮ್ಮ ಮಗಳು ಮೊದಲೇ ಹೇಳಿದಳಂತೆ, ಕೇಳಿಯೂ ಅವರು ಒಪ್ಪಿದರಂತೆ, ಈ ಕಾಲದಲ್ಲಿ ಅಂಥ ಜನ ಎಲ್ಲಿ ಸಿಗುತ್ತಾರೆ ಎಂದು. ನಾನು ಒಳಗೆ ಅಕ್ಕಿ ಆರಿಸುತ್ತಾ ಕೂತಿರುತ್ತಿದ್ದೆ. ಒಂದೊಂದು ಸಲ ಅವನು ಅದನ್ನು ಹೇಳಿದಾಗಲೂ ಮೊರದಲ್ಲಿ ಕಲ್ಲಿಲ್ಲದಿದ್ದರೂ ತಲೆ ಬಗ್ಗಿಸಿ ಹುಡುಕುತ್ತಿದ್ದೆ. ನಮ್ಮೂರ ತಮಿಳಿನಲ್ಲಿ ಒಂದು ಗಾದೆ ಇದೆ, ಇಡೀ ಕುಂಬಳಕಾಯಿಯನ್ನು ಅನ್ನದಲ್ಲಿ ಮುಚ್ಚಿಡುವುದು ಎಂದು. ಮುಚ್ಚುವಾಗ ಅನ್ನ ಸಾಕು ಅನ್ನಿಸುತ್ತದೆ.

ನಿಶ್ಚಿತಾರ್ಥ ನಮ್ಮ ಮನೆಯ ಮುಂದೆ ಚಪ್ಪರ ಹಾಕಿ ಮಾಡಿದೆವು. ಬೀದಿಯ ಜನ, ಅವರ ಕಡೆಯವರು, ಕಡಯಂಪಟ್ಟಿಯ ಚಿಕ್ಕಮ್ಮ ಎಲ್ಲರೂ ಇದ್ದರು. ಪುರೋಹಿತರು ಲಗ್ನ ಓದಿ ಮುಗಿಸಿದರು. ನಾನು ತಾಂಬೂಲದ ತಟ್ಟೆ ಹಿಡಿದು ನಿಂತಿದ್ದೆ. ಎದುರಿಗೆ ಗಂಡಿನ ತಾಯಿ ಅವರ ತಟ್ಟೆ ಹಿಡಿದು ನಿಂತಿದ್ದಳು. ಬದಲಾಯಿಸಬೇಕು, ಅಷ್ಟೇ ಬಾಕಿ. ಆಗ ಅಪ್ಪ ಕುರ್ಚಿಯಿಂದ ಎದ್ದ. ಹೆಗಲ ಮೇಲಿದ್ದ ವಸ್ತ್ರವನ್ನು ತೆಗೆದು ಕಂಕುಳಲ್ಲಿ ಇಟ್ಟುಕೊಂಡು ಗಂಡಿನ ತಾಯಿಗೆ ಕೈಮುಗಿದ. ನನಗೆ ಅವನ ಗಂಟಲಿನ ಸದ್ದು ಕೇಳಿದ ಕೂಡಲೇ ಗೊತ್ತಾಯಿತು.

"ಒಂದ್ ಮಾತು ಸಂಬಂದಿ. ನಮ್ ಮೊಮ್ಮಗೀಗೆ ಎಡಗಿವಿ ಕೇಳಲ್ಲ. ನನ್ ಮಗ್ಳು ಅದ ಮರೆ ಮಾಡ್ದೆ ಮೊದಲ್ನೇ ದಿನಾನೇ ನಿಮ್ಗೆ ಏಳವ್ಳೆ. ಕೇಳೂ ಒಪ್ಪಿದ್ರಲ್ಲ, ದೊಡ್ ಮನಸು ನಿಮ್ದು. ಮುಖ ನೋಡಿ ಏಳ್ಬೇಕು ಅಂತ ಇದ್ದೆ, ಏಳ್ದೆ."

ಚಪ್ಪರದ ಕೆಳಗಿದ್ದವರೆಲ್ಲ ಗಂಡಿನ ತಾಯಿಯ ಕಡೆಗೆ ತಿರುಗಿದರು. ಈಗ ಅವಳು ಯಾವ ಕಿವಿ, ಯಾರು ಹೇಳಿದ್ದು ಎಂದು ಕೇಳುತ್ತಾಳೆ. ಮದುವೆ ಮುರಿಯುತ್ತದೆ. ಅಷ್ಟೇ ಅಲ್ಲ, ಬೀದಿಯವರೆಲ್ಲರ ಮುಂದೆ, ಕೈಮುಗಿದು ನಿಂತಿರುವ ಅಪ್ಪನಿಗೆ ತನ್ನ ಮಗಳು ಎಂಥವಳು ಎಂದು ತಿಳಿಯುತ್ತದೆ. ದೇವರಾಣೆ ಹೇಳುತ್ತೇನೆ, ಆ ಕ್ಷಣದಲ್ಲಿ ಮದುವೆ ಮುರಿಯುವುದಕ್ಕಿಂತ ಅದೇ ನನಗೆ ದೊಡ್ಡದಾಗಿ ಕಂಡಿತು.

ಗಂಡಿನ ತಾಯಿ ತಟ್ಟೆಯನ್ನು ಮಗನ ಕೈಗೆ ಕೊಟ್ಟು, ಅಪ್ಪನ ಮುಗಿದ ಕೈಗಳನ್ನು ಹಿಡಿದು ಕೆಳಗಿಳಿಸಿದಳು.

"ಗೊತ್ತೈತೆ ತಾತಾ. ಅವತ್ತೇ ತಿಳೀತು. ಅದ್ರಲ್ಲೇನೈತೆ, ಕೂರಿ ನೀವು."

ನನ್ನ ಕಡೆಗೆ ಅವಳು ನೋಡಲಿಲ್ಲ. ನೋಡಿದ್ದರೆ ತಡೆದುಕೊಳ್ಳುತ್ತಿದ್ದೆ. ನೋಡದೆಯೇ ತಟ್ಟೆ ಬದಲಾಯಿಸಿ, ಕುಂಕುಮ ಇಡುವಾಗ ಕೂಡ ನನ್ನ ಹಣೆಯನ್ನಷ್ಟೇ ನೋಡಿ ಇಟ್ಟಳು. ಅವಳಿಗೆ ಗೊತ್ತಿತ್ತು. ಕುರ್ಚಿ ಎಳೆದುಕೊಂಡು ಬಲಕ್ಕೆ ಕೂತಾಗ ಗೊತ್ತಿತ್ತು. ಫ್ಯಾನು ನಿಲ್ಲಿಸಿದ ಮನೆಯಲ್ಲಿ ಬೆವರುತ್ತಾ ಕೂತಾಗ, ನಾಚಿಕೆ ಸ್ವಭಾವ ಎಂದಾಗ, ಇನ್ನೇನಾದರೂ ಇದೆಯಾ ಎಂದು ಬಾಗಿಲಲ್ಲಿ ನಿಂತು ಕೇಳಿದಾಗ, ಎಲ್ಲ ಗೊತ್ತಿತ್ತು. ನಾನು ಒಬ್ಬಳೇ ನಾಟಕ ಆಡಿದ್ದೆ, ಉಳಿದವರೆಲ್ಲ ಮರ್ಯಾದೆಯಿಂದ ಕೂತು ನೋಡಿದ್ದರು.

ಊಟದ ಎಲೆಗಳನ್ನು ಹಾಕುವ ಗದ್ದಲದಲ್ಲಿ ನಂದಿನಿಯನ್ನು ಅಡುಗೆಮನೆಗೆ ಎಳೆದುಕೊಂಡು ಹೋದೆ. ಸಬ್ಬಕ್ಕಿ ಪಾಯಸದ ಪಾತ್ರೆಯ ಪಕ್ಕ ನಿಂತು, ನೀನೇ ಹೇಳಿದ್ದಾ ಎಂದು ಕೇಳಿದೆ. ಹೌದು ಎಂದಳು. ಅವರು ನೋಡಲು ಬರುವ ಮುಂಚೆಯೇ, ಹುಡುಗನ ಫೋನ್ ನಂಬರ್ ಸಿಕ್ಕ ದಿನವೇ ಅವನಿಗೆ ಹೇಳಿದಳಂತೆ, ಅವನ ಅಮ್ಮನ ಹತ್ತಿರವೂ ತಾನೇ ಮಾತಾಡಿದಳಂತೆ. ತಾತನಿಗೆ ಮಾತ್ರ ಏನೂ ಹೇಳಿರಲಿಲ್ಲವಂತೆ. ನನಗೆ ಸಿಟ್ಟು ಬಂತು. ಬರಬೇಕಾದ್ದು ಅದಲ್ಲ, ಆದರೆ ನನಗೆ ಯಾವಾಗಲೂ ಮೊದಲು ಬರುವುದು ಅದೇ. ನನಗೆ ಒಂದು ಮಾತು ಹೇಳಿದ್ದರೆ ಇಷ್ಟೆಲ್ಲ ಆಗುತ್ತಿತ್ತೇ, ಅವರ ಮುಂದೆ ನನ್ನನ್ನು ಹೀಗೆ ಕುಣಿಸಬೇಕಾಗಿತ್ತೇ ಎಂದೆ. ಅವಳು ಸೌಟನ್ನು ಪಾತ್ರೆಯ ಅಂಚಿಗೆ ಒರಗಿಸಿ ಇಟ್ಟಳು.

"ಕೋವಿಸ್ಕಬೇಡಮ್ಮಾ, ಸಿಟ್ಟಾಗ್ಬೇಡ. ಎರಡು ವಿಚಾರ ಏಳ್ದೆ ಅವ್ರಿಗೆ. ಒಂದು ನನ್ ಕಿವಿ."

"ಇನ್ನೊಂದು?"

"ನೀನು. ನಮ್ಮಮ್ಮ ಇದ ಮುಚ್ಚಿಡ್ತಾಳೆ, ಅವ್ಳಿಗೆ ಅದೊಂದ್ ಭಯ, ಬಾಕಿ ಎಲ್ಲಾ ಒಳ್ಳೇವ್ಳು ಅಂದೆ. ನೀವು ಗೊತ್ತಿಲ್ದಂಗೆ ಇದ್ಬುಡಿ, ಕೇಳಿ ನಾಚಿಕೆ ಮಾಡ್ಬೇಡಿ ಅಂದೆ. ಸರಿ ಅಂದ್ರು."

ಅವಳ ದನಿಯಲ್ಲಿ ಕೋಪ ಇರಲಿಲ್ಲ, ಚುಚ್ಚುವುದೂ ಇರಲಿಲ್ಲ. ನೇಯ್ಗೆ ಎಲ್ಲಿ ಸಡಿಲವಾಗಿದೆಯೋ ಅಲ್ಲಿ ಬೆರಳಿಟ್ಟು ತೋರಿಸಿದಳು, ಅಷ್ಟೆ. ಕೊಳ್ಳುವವರಿಗೆ ಮೊದಲೇ ತೋರಿಸಿದ್ದಳು, ಈಗ ನನಗೂ ತೋರಿಸಿದಳು. ಮಗಳಿಗೆ ಯಾವ ಕುಂದೂ ಇಲ್ಲವೆಂದು ತೋರಿಸಲು ನಾನು ಮನೆಯ ಕುರ್ಚಿಗಳನ್ನೆಲ್ಲ ಜರುಗಿಸಿದ್ದೆ. ಆ ಮನೆಗೆ ಹೋಗಲು ಅವಳಿಗಿದ್ದ ದೊಡ್ಡ ಕುಂದು ನಾನೇ ಆಗಿದ್ದೆ. ಅವರು ಅದನ್ನೂ ಕೇಳಿ, ಒಪ್ಪಿ, ಬೆವರುತ್ತಾ ಕೂತು ಕೇಸರಿಬಾತು ತಿಂದು ಹೋಗಿದ್ದರು. ನಾನು ಪಾಯಸಕ್ಕೆ ಇನ್ನೊಂದಿಷ್ಟು ಸಕ್ಕರೆ ಹಾಕಿದೆ. ಅದಕ್ಕೆ ಸಕ್ಕರೆ ಆಗಲೇ ಹಾಕಿಯಾಗಿತ್ತು.

ಮದುವೆ ತೈ ತಿಂಗಳಿಗೆ, ಸಂಕ್ರಾಂತಿ ಕಳೆದ ಮೇಲೆ. ಬೀಗಿತ್ತಿ ಫೋನು ಮಾಡುತ್ತಿರುತ್ತಾಳೆ. ಅಕ್ಕಾ ಎಂದು ಕರೆಯುತ್ತಾಳೆ, ಬಟ್ಟೆ ಬರೆಯ ಮಾತಾಡುತ್ತಾಳೆ, ಆ ಮಾತನ್ನು ಎತ್ತುವುದಿಲ್ಲ. ನಾನಾಗಿ ಎತ್ತಿ ತಪ್ಪಾಯಿತು ಎನ್ನಲು ಹೊರಟರೆ, ಚಪ್ಪರದವನಿಗೆ ಹೇಳಿದಿರಾ ಎಂದು ಬೇರೆ ಕಡೆ ತಿರುಗಿಸುತ್ತಾಳೆ. ಅಪ್ಪನಿಗಾದರೂ ನಿಜ ಹೇಳಬೇಕು ಎಂದು ದಿನಾ ಬೆಳಿಗ್ಗೆ ಕಾಫಿ ಕೊಡುವಾಗ ಅಂದುಕೊಳ್ಳುತ್ತೇನೆ. ಲೋಟ ಅವನ ಕೈಗೆ ಕೊಡುತ್ತೇನೆ. ಅವನು ಮುಖ ನೋಡಿ ನಗುತ್ತಾನೆ, ನಾನು ಒಳಗೆ ಬಂದುಬಿಡುತ್ತೇನೆ.

ನಿನ್ನೆ ಹಾಲಿನವನು ಬಂದಿದ್ದ. ಅವನು ಹೊಸಬ, ಕಥೆ ಕೇಳಿರಲಿಲ್ಲ. ಅಪ್ಪ ಅವನನ್ನು ತಿಣ್ಣೆಯ ಮೇಲೆ ಕೂರಿಸಿಕೊಂಡು ಮೊದಲಿನಿಂದ ಹೇಳಿದ. ಸೀರೆಗೆ ಹೇಗೋ ಹೆಣ್ಣಿಗೂ ಹಾಗೆ, ಕುಂದು ಮೊದಲು ತೋರಿಸಿದರೆ ಯಾವುದೂ ಕೆಡುವುದಿಲ್ಲ, ನಮ್ಮ ಬೀದಿಯಲ್ಲಿ ಎಲ್ಲರೂ ಬಿಟ್ಟರು, ನನ್ನ ಮಗಳು ಬಿಡಲಿಲ್ಲ ಎಂದ. ಆಮೇಲೆ ಸಾಕ್ಷಿಗೆಂದು ಒಳಗೆ ಕೂಗಿದ.

"ಅಲ್ವಾ ಕಣ್ಣು?"

ನಾನೂ ನಂದಿನಿಯೂ ಒಳಗೆ ಹೂವು ಕಟ್ಟುತ್ತಾ ಕೂತಿದ್ದೆವು. ಹೂಂ ಅಪ್ಪಾ ಅಂದೆ. ಮೆಲ್ಲಗೇ ಅಂದೆ, ಆದರೆ ನಂದಿನಿಯ ಬಲಗಡೆಗೆ ಕೂತಿದ್ದೆ. ಅವಳಿಗೆ ಚೆನ್ನಾಗಿಯೇ ಕೇಳಿಸಿತು.